ಪಿನ್ ಬೈಂಡಿಂಗ್ ‘ಟಕ್’ ಅಂದ ಮಾತ್ರಕ್ಕೆ ಕೂಲ್ವಾರ್‌ಗೆ ಇಳಿಯಬೇಡಿ

ಫ್ರಾನ್ಸಿನ ಶಾಮೊನಿಯಿಂದ ಕೇಬಲ್ ಕಾರ್ ಹತ್ತಿ ಎಗ್ವಿ ದ್ಯು ಮಿದಿ ಶಿಖರಕ್ಕೆ ಹೋಗಿ, ಅಲ್ಲಿಂದ ಕೊಸ್ಮಿಕ್ ಕೂಲ್ವಾರ್‌ನಲ್ಲಿ ಸ್ಕೀ ಮೇಲೆ ಇಳಿಯುವ ಯೋಚನೆ ಇರುವವರು ಇದನ್ನು ಓದಿಕೊಳ್ಳಿ. ಬಂಡೆಗಳ ನಡುವಿನ ಹಿಮದ ಕೊರಕಲು ಅದು. ಶುರುವಿನಲ್ಲಿ ಹಗ್ಗದಲ್ಲಿ ಇಳಿಯಬೇಕು, ಆಮೇಲೆ 45 ಡಿಗ್ರಿಗೂ ಮೀರುವ ಇಳಿಜಾರು. ಬಿದ್ದರೆ ತಡೆಯುವಂಥದ್ದು ಏನೂ ಇಲ್ಲ.

ಇಂಥದೇ ಜಾಗದಲ್ಲಿ ಒಂದು ತಂಡಕ್ಕೆ ಆದದ್ದು ಹೀಗೆ. ಬಾಡಿಗೆ ಸ್ಕೀ. ಹಗ್ಗದಿಂದ ಇಳಿದು, ಇಳಿಜಾರಿನಲ್ಲೇ ನಿಂತು ಸ್ಕೀ ಹಾಕಿಕೊಂಡರು. ಬೂಟನ್ನು ಸ್ಕೀಗೆ ಹಿಡಿಸುವ ಪಿನ್ ಬೈಂಡಿಂಗ್‌ಗೆ ಒತ್ತಿದಾಗ ‘ಟಕ್’ ಅಂತು, ಹೊರಟರು. ಜಿಗಿದು ತಿರುಗುವ ಎರಡನೇ ಜಂಪ್ ಟರ್ನ್‌ನಲ್ಲಿ ಒಬ್ಬನ ಕೆಳಗಡೆಯ ಸ್ಕೀ ಕಳಚಿಕೊಂಡು ಕೊರಕಲಿನುದ್ದಕ್ಕೂ ಜಾರಿ ಹೋಯಿತು. ಹಿಮಕ್ಕೆ ನೆಟ್ಟು ಹಿಡಿದುಕೊಳ್ಳುವ ಐಸ್ ಆಕ್ಸ್ ಬ್ಯಾಗಿನ ಹಿಂದೆ ಕಟ್ಟಿತ್ತು, ಬೂಟಿಗೆ ಕಟ್ಟುವ ಹಲ್ಲಿನ ಚೌಕಟ್ಟು ಕ್ರ್ಯಾಂಪನ್ ಬ್ಯಾಗಿನ ತಳದಲ್ಲಿ. ಆತ ಬಂಡೆಯ ಬುಡದ ಹಿಮಕ್ಕೆ ತಾಗಿ ನಿಂತದ್ದು ಬರೀ ಅದೃಷ್ಟ.

ಕಾರಣ ಬೆರಳಗಲದ ಐಸು. ಪಿನ್ ಬೈಂಡಿಂಗ್‌ನ ಮುಂಭಾಗದಲ್ಲಿ ಎರಡು ದವಡೆ, ಅವುಗಳ ಪಿನ್ನುಗಳು ಬೂಟಿನ ತುದಿಯ ಎರಡು ಕುಳಿಗಳಲ್ಲಿ ಕೂರುತ್ತವೆ. ದವಡೆಯ ಕೆಳಗೆ ಸ್ಪ್ರಿಂಗ್ ಇರುವ ಸಂದಿಯಲ್ಲಿ ಹಿಮ ಒತ್ತಿಕೊಂಡು ಗಟ್ಟಿಯಾದರೆ ದವಡೆ ಪೂರ್ತಿ ಮುಚ್ಚುವುದಿಲ್ಲ. ಸದ್ದು ಮಾತ್ರ ಸರಿಯಾಗಿಯೇ ಬರುತ್ತದೆ! ಮುಂಭಾಗದ ಲಿವರ್ ಎಳೆದು ಲಾಕ್ ಮಾಡಿದರೂ ಪ್ರಯೋಜನವಿಲ್ಲ, ಐಸಿನ ಮೇಲೆ ಲಾಕ್ ಆಗಿರುತ್ತದೆ ಅಷ್ಟೇ.

ಮೊದಲು ಸ್ಕೀ ಪೋಲ್‌ನ ತುದಿಯಿಂದ ಆ ಸಂದಿಯನ್ನೂ ಬೂಟಿನ ಕುಳಿಗಳನ್ನೂ ಕೆದಕಿ. ಬೂಟಿನ ತುದಿ ಕೂರಿಸಿ, ಹಿಮ್ಮಡಿ ಬಿಟ್ಟುಕೊಂಡು ಕಾಲನ್ನು ಏಳೆಂಟು ಸಲ ಮೇಲೆ ಕೆಳಗೆ ಆಡಿಸಿ. ಕುಳಿಯಲ್ಲಿ ಉಳಿದ ಐಸು ಪುಡಿಯಾಗಿ ಉದುರುತ್ತದೆ. ಈಗ ಲಿವರ್ ಎಳೆಯಿರಿ. ಎಂದಿನ ಎತ್ತರಕ್ಕೆ ಏರದಿದ್ದರೆ ಬಿಚ್ಚಿ, ಮತ್ತೆ ಕೆದಕಿ. ಎಂದಿನ ಎತ್ತರ ಎಷ್ಟೆಂದು ಮನೆಯಲ್ಲೇ ನೋಡಿಟ್ಟುಕೊಂಡಿರಬೇಕು, ಮಾರ್ಕರ್‌ನಲ್ಲಿ ಗೆರೆ ಎಳೆದುಕೊಂಡರೂ ನಗುವವರಿಲ್ಲ.

ಬಾಡಿಗೆ ಸ್ಕೀಯಲ್ಲಿ ಇನ್ನೊಂದು ತೊಂದರೆ ಹಿಮ್ಮಡಿಯ ಅಂತರ. ಬೂಟಿನ ಹಿಂಭಾಗಕ್ಕೂ ಹಿಂದಿನ ಬೈಂಡಿಂಗ್‌ಗೂ ನಡುವೆ ಕೆಲವು ಮಾದರಿಗಳಿಗೆ 4 ಮಿ.ಮೀ., ಕೆಲವಕ್ಕೆ 5.5 ಮಿ.ಮೀ. ಇರಬೇಕು. ಅಂತರವೇ ಬೇಡದ ಮಾದರಿಗಳೂ ಇವೆ. ಅಂತರ ಹೆಚ್ಚಾದರೆ ಹಿಂದಿನ ಪಿನ್ನುಗಳು ತುದಿಯಲ್ಲಷ್ಟೇ ಹಿಡಿದಿರುತ್ತವೆ. ಕಡಿಮೆಯಾದರೆ, ಜಿಗಿದು ಇಳಿದಾಗ ಸ್ಕೀ ಬಾಗಿ ಹಿಂದಿನ ಭಾಗ ಬೂಟನ್ನು ಮುಂದಕ್ಕೆ ನೂಕುತ್ತದೆ. ಅಂಗಡಿಯಲ್ಲಿ ನಿಮ್ಮ ಬೂಟನ್ನೇ ಇಟ್ಟು ಅಳೆಸಿ. ಹಿಂದಿನ ಗಿರಾಕಿಯ ಬೂಟಿಗೆ ಮಾಡಿದ ಹೊಂದಾಣಿಕೆಯನ್ನು ಹಾಗೇ ಕೊಟ್ಟುಬಿಡುವುದು ಹೊಸತೇನಲ್ಲ.

ಮುಂಭಾಗ ಲಾಕ್ ಮಾಡಿ ಇಳಿಯಬೇಕೇ? ಬಿದ್ದರೆ ಪ್ರಾಣವೇ ಹೋಗುವ ಕಡೆ ಅನುಭವಿಗಳು ಲಾಕ್ ಮಾಡುತ್ತಾರೆ, ಅದು ಸರಿ. ಆದರೆ ಹಿಮಕುಸಿತಕ್ಕೆ ಸಿಕ್ಕರೆ ಲಾಕ್ ಆದ ಸ್ಕೀ ಕಳಚದೆ ಕಾಲು ಮುರಿಯುತ್ತದೆ, ಹಿಮದೊಳಕ್ಕೆ ಎಳೆಯುತ್ತದೆ. ಕೊರಕಲು ಮುಗಿದು ಹರವಾದ ಇಳಿಜಾರು ಸಿಕ್ಕ ಕೂಡಲೇ ಲಾಕ್ ತೆಗೆಯಿರಿ. ಇನ್ನು ಕಳಚಿದ ಸ್ಕೀಯನ್ನು ಹಿಮಕ್ಕೆ ಊರಿ ತಡೆಯುವ ಸ್ಕೀ ಬ್ರೇಕ್. ಗಟ್ಟಿ ಹಿಮದ 45 ಡಿಗ್ರಿಯಲ್ಲಿ ಅದು ಏನನ್ನೂ ನಿಲ್ಲಿಸದು. ಸ್ಕೀಯನ್ನು ಬೂಟಿಗೆ ಕಟ್ಟುವ ದಾರ, ಅಂದರೆ ಲೀಶ್ ಬೇಕು, ಅದರಲ್ಲೂ ಹೆಚ್ಚು ಎಳೆತಕ್ಕೆ ತುಂಡಾಗುವ ಕೊಂಡಿ ಇರುವಂಥದ್ದು. ಸ್ಕೀಯನ್ನು ಹಿಮದ ಮೇಲೆ ಇಡುವ ಮುಂಚೆಯೇ ಲೀಶನ್ನು ಬೂಟಿಗೆ ಸಿಕ್ಕಿಸಿ.

ಸ್ಕೀ ಹಾಕಿಕೊಳ್ಳುವ ಜಾಗವನ್ನು ಸಲಿಕೆಯಿಂದಲೋ ಬೂಟಿನಿಂದಲೋ ಎರಡೂ ಸ್ಕೀ ಮಟ್ಟವಾಗಿ ಕೂರುವಷ್ಟು ಕಡಿದುಕೊಳ್ಳಿ. ಐಸ್ ಆಕ್ಸನ್ನು ಮೇಲ್ಗಡೆ ನೆಟ್ಟು ಅದಕ್ಕೆ ನಿಮ್ಮನ್ನು ಕಟ್ಟಿಕೊಳ್ಳಿ. ಕಣಿವೆ ಕಡೆಯ ಸ್ಕೀ ಮೊದಲು, ಗುಡ್ಡದ ಕಡೆಯದು ಆಮೇಲೆ. ಶುರುವಿನಲ್ಲಿ ಇಳಿಯುವ ಹಗ್ಗ 6 ಮಿ.ಮೀ.ದಾದರೆ, ಹಗ್ಗವನ್ನು ತಡೆದು ಇಳಿಸುವ ಸಾಮಾನ್ಯ ಬಿಲೇ ಸಾಧನದಲ್ಲಿ ಹಿಡಿತ ಸಾಲದೆ ಜಾರುತ್ತದೆ, ಭಾರ ಬಿದ್ದಾಗ ಹಗ್ಗವನ್ನು ಬಿಗಿಯಾಗಿ ಹಿಡಿಯುವ ಪ್ರೂಸಿಕ್ ಗಂಟು ಕಡ್ಡಾಯ. ಅದು ನಿಮ್ಮ ಭಾರ ಹಿಡಿಯುತ್ತದೆಯೇ ಎಂದು ಊರಲ್ಲೇ ಪರೀಕ್ಷಿಸಿ. ಹಗ್ಗದ ತುದಿಗಳಿಗೂ ಗಂಟು ಹಾಕಿ.

ಮೊದಲ ತಿರುವಿಗೆ ಮುಂಚೆ ನಾಲ್ಕೈದು ಮೀಟರ್ ಅಡ್ಡಕ್ಕೆ ಜಾರಿ ನೋಡಿ. ಸ್ಕೀಯ ಅಂಚು ಹಿಮಕ್ಕೆ ಕಚ್ಚದೆ ಕರಕರ ಅನ್ನುತ್ತಿದ್ದರೆ ತಿರುವು ಬೇಡ. ಕಚ್ಚಿದರೂ ದೊಡ್ಡದಾಗಿ ಜಿಗಿಯಬೇಡಿ. ಪೋಲನ್ನು ಬೂಟಿಗಿಂತ ಕೆಳಗೆ ಊರಿ, ಮೇಲಿನ ಕಾಲಿನಿಂದ ನೂಕಿ, ಎರಡೂ ಸ್ಕೀ ಅಡ್ಡ ತಿರುಗುವಷ್ಟೇ ಎದ್ದರೆ ಸಾಕು. ಬೈಂಡಿಂಗ್ ಕಳಚುವುದು ಇಳಿದಾಗಿನ ಆ ಹೊಡೆತಕ್ಕೇ. ಅಂಚು ಕಚ್ಚದಿದ್ದ ದಿನ ಸ್ಕೀ ಬ್ಯಾಗಿಗೆ ಕಟ್ಟಿ, ಕ್ರ್ಯಾಂಪನ್ ಹಾಕಿ, ಗುಡ್ಡಕ್ಕೆ ಮುಖ ಮಾಡಿ ಒಂದೊಂದೇ ಹೆಜ್ಜೆ ಇಳಿಯಿರಿ. ಅಲ್ಯೂಮಿನಿಯಂ ಕ್ರ್ಯಾಂಪನ್ ಹಿಮಕ್ಕೆ ಸರಿ, ಐಸು ಇದ್ದರೆ ಮುಂದಿನ ಹಲ್ಲುಗಳಾದರೂ ಉಕ್ಕಿನವಿರಲಿ. ಐಸ್ ಆಕ್ಸ್ ಕೈಗೆ ಸಿಗುವಂತೆ ಬ್ಯಾಗಿನ ಪಟ್ಟಿಗೂ ಬೆನ್ನಿಗೂ ನಡುವೆ ಸಿಕ್ಕಿಸಿರಲಿ, ಕ್ರ್ಯಾಂಪನ್ ಬ್ಯಾಗಿನ ಬಾಯಲ್ಲೇ ಇರಲಿ.