ಒಣ ಸಾಗುವಾನಿ ಎಂದು ಹೇಳಿ ಹಸಿ ಮರ ಕೊಟ್ಟರು: ಮಲೆನಾಡಿನಲ್ಲಿ ಮೇಜು-ಮಂಚ ಮಾಡಿಸುವವರು ದಯವಿಟ್ಟು ಓದಿ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಮನೆ ಕಟ್ಟಿಸುತ್ತಿರುವವರು, ಮದುವೆಗೆಂದು ಮಂಚ-ಮೇಜು ಮಾಡಿಸುತ್ತಿರುವವರು ಸ್ವಲ್ಪ ಪುರುಸೊತ್ತು ಮಾಡಿಕೊಂಡು ಇದನ್ನು ಓದಿ. ಪಾಲಿಶ್ ಹೊಡೆದು ತಂದಿಳಿಸಿದ ಮರದ ಸಾಮಾನಿಗೆ ಪೂರ್ತಿ ದುಡ್ಡು ಕೊಡಬೇಡಿ. ಮೊದಲು ಬರಿ ಮರ ನೋಡಿ, ತೇವ ಎಷ್ಟಿದೆ ಅಳೆಸಿ, ಆಮೇಲೆ ಪಾಲಿಶ್ ಮಾಡಿಸಿ. ನಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ನಮ್ಮ ಮನೆಗೆ ಊಟದ ಮೇಜು, ಒಂದು ಮಂಚ ಬೇಕಿತ್ತು. ಶಿವಮೊಗ್ಗದ ಒಂದು ಅಂಗಡಿಗೆ ಹೋದೆವು. ಅಲ್ಲಿ ತೋರಿಸಿದ ಹಲಗೆಗಳು ನಿಜಕ್ಕೂ ಚೆನ್ನಾಗಿದ್ದವು. ಹೊಂಬಣ್ಣಕ್ಕೆ ತಿರುಗಿದ ಕಂದು, ಕೈಯಾಡಿಸಿದರೆ ಸ್ವಲ್ಪ ಎಣ್ಣೆ ಜಿಡ್ಡು, ಮೂಗಿನ ಹತ್ತಿರ ಹಿಡಿದರೆ ಸಾಗುವಾನಿಯದೇ ಆದ ವಾಸನೆ. "ಎರಡು ವರ್ಷ ಒಣಗಿಸಿದ್ದು ಸಾರ್, ಇದರಲ್ಲೇ ಮಾಡಿ ಕೊಡ್ತೀವಿ" ಎಂದರು. ಒಣಗಿದ ಮರವೇ ಬೇಕು, ತೊಗಟೆಯ ಪಕ್ಕದ ಬಿಳಿ ಭಾಗ ಬರಬಾರದು, ತಿಳಿ ಪಾಲಿಶ್ ಸಾಕು ಎಂದು ಮುಂಗಡ ಕೊಡುವಾಗಲೇ ಬಿಡಿಸಿ ಹೇಳಿದ್ದೆವು.

ಸಾಮಾನು ಬಂದದ್ದು ಆಷಾಢದ ಮಳೆಯಲ್ಲಿ. ಪ್ಲಾಸ್ಟಿಕ್ ಸುತ್ತಿ, ದಟ್ಟ ಕಂದು ಪಾಲಿಶ್ ಹೊಡೆದು ತಂದಿಳಿಸಿದರು. ತಿಳಿ ಪಾಲಿಶ್ ಅಲ್ವಾ ಹೇಳಿದ್ದು ಎಂದು ಕೇಳಿದರೆ, "ಮಳೆಗಾಲ ಸಾರ್, ಬಣ್ಣ ಜಾಸ್ತಿ ಇದ್ರೆ ಮರ ನೀರು ಎಳೆಯಲ್ಲ" ಎಂದರು. ಇದು ಶುದ್ಧ ಸುಳ್ಳು. ಬಣ್ಣಕ್ಕೂ ನೀರು ತಡೆಯುವುದಕ್ಕೂ ಸಂಬಂಧವೇ ಇಲ್ಲ. ಬಣ್ಣ ಮರೆಮಾಚುವುದು ಮರದ ಬಿಳಿ ಭಾಗವನ್ನು.

ಮಳೆಗಾಲ ಮುಗಿಯುವವರೆಗೆ ಮೇಜು ಸರಿಯಾಗಿಯೇ ಇತ್ತು. ನಮ್ಮ ಮಲೆನಾಡಿನವರು ಮೋಸ ಹೋಗುವುದೇ ಇಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಸುತ್ತಲಿನ ಊರುಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು. ಬಟ್ಟೆಯೇ ಒಣಗದ ಆ ದಿನಗಳಲ್ಲಿ ಹಸಿ ಮರ ಎಲ್ಲಿ ಒಣಗುತ್ತದೆ? ಒಣಗದಿದ್ದರೆ ಕುಗ್ಗುವುದಿಲ್ಲ, ಕುಗ್ಗದಿದ್ದರೆ ಬಿರಿಯುವುದೂ ಇಲ್ಲ. ಮಳೆಗಾಲದಲ್ಲಿ ಮಾರಿದ ಹಸಿ ಮರದ ಬಣ್ಣ ಬಯಲಾಗುವುದು ಶಿವರಾತ್ರಿಯ ಹೊತ್ತಿಗೆ. ಅಷ್ಟರಲ್ಲಿ ಅಂಗಡಿಯವರ ಕೈಗೆ ದುಡ್ಡು ಸೇರಿ ತಿಂಗಳುಗಳೇ ಆಗಿರುತ್ತವೆ.

ನಮ್ಮಲ್ಲೂ ಹಾಗೇ ಆಯಿತು. ಚಳಿ ಕಳೆದು ಒಣ ಗಾಳಿ ಬೀಸಲು ಶುರುವಾದಾಗ ರಾತ್ರಿ ಹೊತ್ತು ಊಟದ ಕೋಣೆಯಿಂದ ಟಪ್ ಎಂದು ಸದ್ದು. ಬೆಳಿಗ್ಗೆ ನೋಡಿದರೆ ಮೇಜಿನ ಎರಡು ಹಲಗೆಗಳ ನಡುವೆ ಸಂದು ಬಿಟ್ಟಿತ್ತು. ಹತ್ತು ರೂಪಾಯಿ ನಾಣ್ಯ ನಿಲ್ಲಿಸಿದರೆ ಒಳಗೆ ಇಳಿಯುವಷ್ಟು. ಅಂಚಿನ ಹಲಗೆ ದೋಣಿಯ ಹಾಗೆ ಬಾಗಿ, ಅದರ ಮೇಲಿಟ್ಟ ಲೋಟ ಅಲ್ಲಾಡುತ್ತಿತ್ತು.

ಮರ ಹೀಗೇಕೆ ಮಾಡುತ್ತದೆ ಎಂದು ಗೊತ್ತಿದ್ದರೆ ಕೊಳ್ಳುವಾಗ ಏನು ಕೇಳಬೇಕು ಎನ್ನುವುದೂ ಗೊತ್ತಾಗುತ್ತದೆ. ಹಸಿ ಮರದಲ್ಲಿ ತೇವ ಇಳಿಯುತ್ತಾ ಸುಮಾರು 30 ಪರ್ಸೆಂಟ್‌ಗೆ ಬರುವ ತನಕ ಅಳತೆಯಲ್ಲಿ ವ್ಯತ್ಯಾಸ ಆಗುವುದಿಲ್ಲ. ಅಲ್ಲಿಂದ ಕೆಳಗೆ ಇಳಿದಂತೆ ಮರ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ, ಕುಗ್ಗುವುದೆಲ್ಲ ಅಗಲಕ್ಕೆ. ಅದರಲ್ಲೂ ವರ್ಷದ ಬಳೆಗಳ ಗುಂಟ ಕುಗ್ಗುವುದು, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು. ಹಲಗೆ ಬಾಗುವುದು ಇದೇ ಕಾರಣಕ್ಕೆ. ಸಾಗುವಾನಿ ಬೇರೆ ಮರಗಳಿಗಿಂತ ಕಡಿಮೆ ಕುಗ್ಗುವ ಮರ. ಆದರೂ 25 ಪರ್ಸೆಂಟ್ ತೇವ ಇದ್ದಾಗ ಮಾಡಿದ ಮೂರು ಅಡಿ ಅಗಲದ ಮೇಜು 12 ಪರ್ಸೆಂಟ್‌ಗೆ ಒಣಗುವಾಗ ಅರ್ಧ ಇಂಚಿನಿಂದ ಮುಕ್ಕಾಲು ಇಂಚು ಒಳಗೆ ಹೋಗಬಹುದು. ಎಂಥ ಅಂಟು, ಎಂಥ ಜಾಯಿಂಟ್ ಅದನ್ನು ತಡೆದೀತು? ಮನೆಯೊಳಗಿನ ಸಾಮಾನಿಗೆ 10-12 ಪರ್ಸೆಂಟ್ ತೇವ ಒಳ್ಳೆಯದು. ನಮ್ಮಂಥ ತೇವದ ಊರಿನಲ್ಲಿ 14ರವರೆಗೆ ಇದ್ದರೂ ನಡೆಯುತ್ತದೆ. ಆದರೆ ಅದೇ ಮೇಜನ್ನು ಮುಂದೆ ದಾವಣಗೆರೆಗೋ ಬೆಂಗಳೂರಿಗೋ ಸಾಗಿಸುವವರಿದ್ದರೆ 12ಕ್ಕಿಂತ ಕೆಳಗೇ ಇರಲಿ.

ಬಿರುಕು ಸಾಲದು ಎಂದು ಮಂಚದ ಕಾಲಿನ ಬುಡದಲ್ಲಿ ಹಿಟ್ಟು ಬೀಳಲು ಶುರುವಾಯಿತು. ಬೆರಳಲ್ಲಿ ಉಜ್ಜಿದರೆ ತರಿಯೇ ಸಿಗದಷ್ಟು ನುಣುಪು. ಗುಡಿಸಿದರೆ ಮರುದಿನ ಮತ್ತೆ ಅಷ್ಟೇ ಗುಡ್ಡೆ. ಇದು ಮರ ಕೊರೆಯುವ ಕುಟ್ಟೆ ಹುಳ, ಗೆದ್ದಲಲ್ಲ. ಗೆದ್ದಲು ಮಣ್ಣು ತರುತ್ತದೆ, ಕುಟ್ಟೆ ಹಿಟ್ಟು ಉದುರಿಸುತ್ತದೆ. ಗುಂಡುಸೂಜಿಯ ತಲೆಯಷ್ಟೇ ಸಣ್ಣ ತೂತುಗಳು ಸಾಲಾಗಿ ಕಾಣುತ್ತಿದ್ದವು.

ನಮ್ಮೂರಿನ ಆಚಾರ್ರನ್ನು ಕರೆಸಿದೆವು. ಅವರು ಏನೂ ಮಾತಾಡದೆ ಮಂಚದ ಕಾಲನ್ನು ಓರೆ ಮಾಡಿ, ಉಳಿಯ ಅಂಚಿನಿಂದ ಪಾಲಿಶ್ ಕೆರೆದರು. ಕಂದು ಬಣ್ಣ ಎದ್ದು ಹೋದ ಕಡೆ ಹುಲ್ಲಿನ ಬಣ್ಣದ ಬಿಳಿ ಮರ. ಸ್ವಲ್ಪ ಒತ್ತಿದ್ದಕ್ಕೆ ಉಳಿ ಒಳಗೇ ಇಳಿಯಿತು. "ಇದ್ರಲ್ಲಿ ಚೇಗೇ ಇಲ್ಲ ಮಾರಾಯ್ರೆ. ಎಳೇ ಮರ, ಮುಕ್ಕಾಲು ಪಾಲು ಬಿಳೀದೇ" ಎಂದರು. ಚೇಗು ಎಂದರೆ ಮರದ ನಡುವಿನ ಬಲಿತ, ಗಾಢ ಬಣ್ಣದ ಭಾಗ. ಮೇಜಿನ ಅಡಿಯಲ್ಲಿ ಕೀಸುಳಿ ಆಡಿಸಿ ಒಂದು ಸಿವುರು ತೆಗೆದು ನನ್ನ ಕೈಗೆ ಕೊಟ್ಟರು. ಅಷ್ಟು ತಿಂಗಳಾದ ಮೇಲೂ ಅದು ಮುರಿಯದೆ ಬಾಗುತ್ತಿತ್ತು, ತಣ್ಣಗಿತ್ತು. ಅಂಗಡಿಯಲ್ಲಿ ತೋರಿಸಿದ್ದು ಒಂದು ಮರ, ಮನೆಗೆ ಕಳಿಸಿದ್ದು ಇನ್ನೊಂದು.

ಸಾಗುವಾನಿಗೆ ಹುಳ ಹಿಡಿಯುವುದಿಲ್ಲ ಎನ್ನುವ ಮಾತು ಚೇಗಿಗೆ ಮಾತ್ರ ಸಲ್ಲುತ್ತದೆ. ತೊಗಟೆಯ ಒಳಗಿನ ಬಿಳಿ ಭಾಗದಲ್ಲಿ ಪಿಷ್ಟ ಇರುತ್ತದೆ, ಕುಟ್ಟೆಗೆ ಅದೇ ಊಟ. ಹಲಸು, ಮಾವು, ಹೊನ್ನೆ ಯಾವುದೇ ಆಗಲಿ, ಬಿಳಿ ಭಾಗಕ್ಕೆ ಭರವಸೆ ಇಲ್ಲ. ತೋಟದ ಅಂಚಿನ ಎಳೆಯ ಸಾಗುವಾನಿಯಲ್ಲಿ ಈ ಭಾಗ ಬಹಳ ಜಾಸ್ತಿ. ಪಾಲಿಶ್ ಹೊಡೆದ ಮೇಲೆ ಹುಳ ಹೊಸದಾಗಿ ಮೊಟ್ಟೆ ಇಡುವುದು ಕಷ್ಟ, ನಿಜ. ಆದರೆ ಪಾಲಿಶ್‌ಗೆ ಮೊದಲೇ ಇಟ್ಟ ಮೊಟ್ಟೆಗಳು ಒಳಗೇ ಬೆಳೆದು, ತಿಂಗಳುಗಳ ನಂತರ ತೂತು ಕೊರೆದುಕೊಂಡು ಹೊರಗೆ ಬರುತ್ತವೆ.

ಅದಕ್ಕೇ ಹೇಳುವುದು, ಕೆಲಸ ಅರ್ಧ ಆದಾಗ ಒಮ್ಮೆ ಅಂಗಡಿಗೋ ಆಚಾರ್ರ ಕೊಟ್ಟಿಗೆಗೋ ಹೋಗಿ. ಜೋಡಿಸಿ ಆಗಿರಬೇಕು, ಬಣ್ಣ ತಾಗಿರಬಾರದು. ಹಲಗೆಯ ಎರಡೂ ಮುಖ ತಿರುಗಿಸಿ ನೋಡಿ. ಕಾಲು, ಅಡ್ಡಪಟ್ಟಿ, ಡ್ರಾಯರ್‌ನ ಒಳಗೆಲ್ಲ ಕೈ ಹಾಕಿ. ಬಿಳಿ ಮರವನ್ನು ತುರುಕುವುದು ಕಣ್ಣಿಗೆ ಬೀಳದ ಇಂಥ ಜಾಗಗಳಲ್ಲೇ. ಮರದ ಪುಡಿಗೆ ಅಂಟು ಕಲಸಿ ಮೆತ್ತಿದ ತೇಪೆಗಳೂ ಬರಿ ಮರದಲ್ಲಿ ಎದ್ದು ಕಾಣುತ್ತವೆ. ಈಗಲೇ ಬಣ್ಣ ಹಾಕದೆ ಇಟ್ಟರೆ ಮರ ಹಾಳಾಗುತ್ತದೆ ಎಂದು ಅವಸರ ಮಾಡುವವರ ಹತ್ತಿರ ಮಾಡಿಸಲೇ ಬೇಡಿ.

ತೇವ ಅಳೆಯಲು ಎರಡು ಮುಳ್ಳಿನ ಸಣ್ಣ ಮೀಟರ್ ಸಿಗುತ್ತದೆ. ಸಾವಿರ-ಎರಡು ಸಾವಿರ ರೂಪಾಯಿ ಇರಬಹುದು. ಲಕ್ಷದ ಹತ್ತಿರದ ಸಾಮಾನು ಮಾಡಿಸುವಾಗ ಇದು ದುಬಾರಿ ಅಲ್ಲ, ನಾಲ್ಕು ಮನೆಯವರು ಸೇರಿ ಒಂದು ತಂದಿಟ್ಟುಕೊಂಡರೂ ಆಯಿತು. ಹಲಗೆಯ ಮೇಲ್ಮೈ, ತುದಿ ಬೇಗ ಒಣಗುತ್ತವೆ. ಅಲ್ಲಿ ಚುಚ್ಚಿದರೆ ಒಳ್ಳೆಯ ನಂಬರೇ ಬರುತ್ತದೆ. ಹಲಗೆಯನ್ನು ಒಂದು ಕಡೆ ಕೊಯ್ಸಿ, ಹೊಸದಾಗಿ ಕೊಯ್ದ ಮುಖದ ನಡುವೆ ಚುಚ್ಚಿ.

ಮೀಟರ್ ಇಲ್ಲದಿದ್ದರೂ ದಾರಿ ಇದೆ. ಹಲಗೆಯ ನಡುಭಾಗದಿಂದ ಒಂದು ತುಂಡು ಕೊಯ್ಸಿಕೊಂಡು ಕೂಡಲೇ ತೂಕ ಮಾಡಿ. ಓವನ್ ಇದ್ದರೆ 100 ಡಿಗ್ರಿಯ ಆಸುಪಾಸಿನಲ್ಲಿಟ್ಟು, ತೂಕ ಇಳಿಯುವುದು ಪೂರ್ತಿ ನಿಲ್ಲುವ ತನಕ ಒಣಗಿಸಿ. ಕಡಿಮೆಯಾದ ತೂಕವನ್ನು ಒಣಗಿದ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವದ ಪರ್ಸೆಂಟ್ ಸಿಗುತ್ತದೆ. 125 ಗ್ರಾಂ ಇದ್ದ ತುಂಡು 100 ಗ್ರಾಂಗೆ ಇಳಿದರೆ 25 ಪರ್ಸೆಂಟ್. ಅಂಥ ಮರದಲ್ಲಿ ಮೇಜು ಮಾಡಬಾರದು. ಅಂಗಡಿಯವರು ಎಷ್ಟು ವರ್ಷದ ಮರ ಎಂದು ಹೇಳುತ್ತಾರೆ ಎನ್ನುವುದಕ್ಕಿಂತ ಈ ಲೆಕ್ಕ ಮುಖ್ಯ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವ ಅಂದಾಜು ಕೂಡ ಹಲಗೆಗಳ ನಡುವೆ ಪಟ್ಟಿ ಇಟ್ಟು, ಗಾಳಿ ಆಡುವ ನೆರಳಲ್ಲಿ ಪೇರಿಸಿದ ಮರಕ್ಕೆ. ಒಂದರ ಮೇಲೊಂದು ಒತ್ತಿ ಪೇರಿಸಿ ಟಾರ್ಪಾಲ್ ಹೊದಿಸಿದ ಮರ ಎಷ್ಟು ವರ್ಷ ಇದ್ದರೂ ಒಳಗೆ ಹಸಿಯೇ.

ಮರದ ಜಾತಿಯ ಬಗ್ಗೆಯೇ ಅನುಮಾನ ಇದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತುಂಡು ಕೊಟ್ಟು ಪರೀಕ್ಷೆ ಮಾಡಿಸಬಹುದು. ಇನ್ನೊಂದು ಮಾತು, ಅರಣ್ಯ ಇಲಾಖೆಯ ಸಾಗಣೆ ಪಾಸ್ ಇಲ್ಲದ ಸಾಗುವಾನಿ, ಬೀಟೆ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಬಂದರೆ ಆ ಗೋಜಿಗೇ ಹೋಗಬೇಡಿ. ಅರಣ್ಯ ಇಲಾಖೆಯವರು ಹಿಡಿದರೆ ಮರದ ಜೊತೆ ಗಾಡಿಯೂ ಜಪ್ತಿ.

ಈಗಾಗಲೇ ಕುಟ್ಟೆ ಹಿಡಿದಿದ್ದರೆ ಮೇಲಿಂದ ವಾರ್ನಿಶ್ ಬಳಿದು ಸುಮ್ಮನಾಗಬೇಡಿ. ಹಿಟ್ಟು ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ನೋಡಿ. ಮತ್ತೆ ಮತ್ತೆ ಬಿದ್ದರೆ ಒಳಗೆ ಹುಳ ಬದುಕಿದೆ. ಪಾಲಿಶ್ ಪೂರ್ತಿ ತೆಗೆಸಿ, ಬೋರಾಕ್ಸ್-ಬೋರಿಕ್ ಆಸಿಡ್ ನೀರನ್ನು ಬರಿ ಮರಕ್ಕೆ ಬಳಿಸಬೇಕು. ಪಾಲಿಶ್ ಮೇಲೆ ಬಳಿದರೆ ಅದು ಒಳಗೆ ಇಳಿಯುವುದೇ ಇಲ್ಲ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ. ನಮ್ಮ ಮಂಚದ ಎರಡು ಕಾಲುಗಳು ಇದಕ್ಕೂ ಮೀರಿ ಹೋಗಿದ್ದವು. ಆಚಾರ್ರು ಅವನ್ನು ತೆಗೆದು, ನಮ್ಮ ಅಟ್ಟದಲ್ಲೇ ಇದ್ದ ಹಳೇ ಹಲಸಿನ ಪಕ್ಕಾಸಿನಿಂದ ಹೊಸ ಕಾಲು ಕೂರಿಸಿದರು.

ಅಂಗಡಿಯವರು ಬಂದು ನೋಡಲೂ ಇಲ್ಲ. "ಮರ ಅಂದ್ಮೇಲೆ ಬಿರಿಯೋದೇ" ಎಂದು ಫೋನ್ ಇಟ್ಟರು. ಅವರು ಕೊಟ್ಟ ಬಿಲ್ಲಿನಲ್ಲಿ "ಮರದ ಮೇಜು, ಮಂಚ" ಎಂದಷ್ಟೇ ಇತ್ತು. ಮರದ ಜಾತಿ, ಅಳತೆ, ಚೇಗು ಮಾತ್ರ ಬಳಸಬೇಕು ಎನ್ನುವ ಷರತ್ತು, ತೇವ ಇಷ್ಟು ಪರ್ಸೆಂಟ್ ಒಳಗೆ, ಪಾಲಿಶ್‌ಗೆ ಮೊದಲು ತೋರಿಸಬೇಕು, ಬಿರಿದರೆ ಅಥವಾ ಕುಟ್ಟೆ ಹಿಡಿದರೆ ಯಾರು ಸರಿ ಮಾಡಿಕೊಡಬೇಕು, ಇದೆಲ್ಲ ಮುಂಗಡದ ರಸೀದಿಯಲ್ಲೇ ಬರಲಿ. ಒಂದು ಬೇಸಿಗೆ ಕಳೆಯುವ ತನಕ ಸ್ವಲ್ಪ ದುಡ್ಡು ಉಳಿಸಿಕೊಳ್ಳುವ ಮಾತೂ ಅದರಲ್ಲೇ ಸೇರಲಿ. ಬಿರುಕಿನ, ಹಿಟ್ಟಿನ ಫೋಟೊಗಳನ್ನು ತಾರೀಕಿನ ಸಮೇತ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರ್ 1915. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಅದಕ್ಕೆ ಎರಡು ವರ್ಷದ ಗಡುವಿದೆ. ಸಾಮಾನಿಗೆ ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ.