ಜಗಲಿಯ ಗಣಿತ ಪಾಠಕ್ಕೆ ಒಬಿಎಸ್ಸೋ ಗೇಮ್ ಬಾರೋ, ಶಾಟ್‌ಕಟ್ಟೋ ಕೆಡೆನ್‌ಲೈವೋ

ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆ ಜಗಲಿಯಲ್ಲಿ ಹತ್ತನೇ ತರಗತಿಯ ಏಳು ಮಕ್ಕಳಿಗೆ ಗಣಿತ ಟ್ಯೂಷನ್ ಕೊಡುತ್ತೇನೆ. ಎಲ್ಲರೂ ಕನ್ನಡ ಮಾಧ್ಯಮದವರು. ಮಳೆ ಹಿಡಿದರೆ ಅರ್ಧ ಜನ ಬರುವುದಿಲ್ಲ. ಯೂಟ್ಯೂಬಿನಲ್ಲಿ ನೋಡಿಕೊಳ್ಳಿ ಅನ್ನೋಣ ಅಂದರೆ ಕೇರಳ ಸಿಲೆಬಸ್ಸಿನ ಪಾಠ ಮಲಯಾಳದಲ್ಲೇ ಜಾಸ್ತಿ. ಕರ್ನಾಟಕದವರ ಕನ್ನಡ ವಿಡಿಯೋ ಬೇಕಾದಷ್ಟಿದೆ, ಆದರೆ ಅವರ ಪುಸ್ತಕವೇ ಬೇರೆ ಅಲ್ವಾ. ಕೊನೆಗೆ ಜಿಯೋಜಿಬ್ರಾ ಅನ್ನುವ ಗಣಿತದ ಆ್ಯಪ್ಪಿನಲ್ಲಿ ವೃತ್ತ ಎಳೆಯುತ್ತಾ ನಾನೇ ಮಾತಾಡಿ ರೆಕಾರ್ಡ್ ಮಾಡಲು ಹೊರಟೆ. ಲ್ಯಾಪ್‌ಟಾಪ್ ಹಳೆಯದು, ರ‍್ಯಾಮ್ 8 ಜಿಬಿ, ಬ್ಯಾಟರಿ ಸತ್ತು ವರ್ಷವಾಯಿತು.

ಮೊದಲು ನೋಡಿದ್ದು ವಿಂಡೋಸ್‌ನಲ್ಲೇ ಇರುವ ಗೇಮ್ ಬಾರ್. ವಿಂಡೋಸ್, ಆಲ್ಟ್, ಆರ್ ಮೂರೂ ಒಟ್ಟಿಗೆ ಒತ್ತಿದರೆ ರೆಕಾರ್ಡಿಂಗ್ ಶುರು, ಕಲಿಯಲು ಏನೂ ಇಲ್ಲ. ಆದರೆ ಅದು ಹಿಡಿಯುವುದು ಒಂದೇ ಆ್ಯಪ್ಪನ್ನು. ಜಿಯೋಜಿಬ್ರಾದಿಂದ ಪಠ್ಯಪುಸ್ತಕದ ಪಿಡಿಎಫ್‌ಗೆ ಹಾರಿದರೆ ಪಿಡಿಎಫ್ ವಿಡಿಯೋದಲ್ಲಿ ಬರುವುದಿಲ್ಲ. ಡೆಸ್ಕ್‌ಟಾಪನ್ನಂತೂ ಅದು ರೆಕಾರ್ಡ್ ಮಾಡುವುದೇ ಇಲ್ಲ. ಐದು ನಿಮಿಷದ ಒಂದು ಲೆಕ್ಕಕ್ಕೆ ಸಾಕು, ಪಾಠಕ್ಕೆ ಸಾಲದು.

ಆಮೇಲೆ ಹಾಕಿದ್ದು ಒಬಿಎಸ್, ಪರದೆ ರೆಕಾರ್ಡ್ ಮಾಡುವ ಉಚಿತ ತಂತ್ರಾಂಶ. ಅದನ್ನು ತೆರೆದ ದಿನ ನಿಜವಾಗಿ ಹೆದರಿದೆ ಮಾರಾಯ್ರೆ. ಕಪ್ಪು ಪರದೆ, ಕೆಳಗೆ ಸೀನ್, ಸೋರ್ಸ್, ಮಿಕ್ಸರ್ ಅಂತ ಪೆಟ್ಟಿಗೆಗಳು. ಸೋರ್ಸ್‌ನಲ್ಲಿ ಡಿಸ್‌ಪ್ಲೇ ಕ್ಯಾಪ್ಚರ್ ಸೇರಿಸದೆ ಏನೂ ಕಾಣುವುದಿಲ್ಲ ಅಂತ ಗೊತ್ತಾಗಲು ಒಂದು ಸಂಜೆ ಹೋಯಿತು. ಅದು ಗೊತ್ತಾದ ಮೇಲೆ ಬೇರೆ ಯಾವುದೂ ಬೇಕೆನಿಸಲಿಲ್ಲ. ಮೈಕಿಗೆ ನಾಯ್ಸ್ ಸಪ್ರೆಶನ್ ಫಿಲ್ಟರ್ ಹಾಕಿದರೆ ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಮುಕ್ಕಾಲು ಪಾಲು ಹೋಗುತ್ತದೆ. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿದ್ದು ಮಾತ್ರ ಉಳಿಯಿತು.

ಒಬಿಎಸ್‌ನಲ್ಲಿ ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನ ಔಟ್‌ಪುಟ್‌ನಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಕೆವಿ ಇರಲಿ. ನಾನು ಬುದ್ಧಿವಂತಿಕೆ ಮಾಡಿ ಸಾದಾ ಎಂಪಿ4ಕ್ಕೆ ಬದಲಾಯಿಸಿದ್ದೆ. ಇಪ್ಪತ್ತನೇ ನಿಮಿಷಕ್ಕೆ ಕರೆಂಟು ಹೋಯಿತು, ಫೈಲು ತೆರೆಯಲೇ ಇಲ್ಲ. ಸಾದಾ ಎಂಪಿ4ರಲ್ಲಿ ವಿಡಿಯೋದ ವಿಳಾಸಪಟ್ಟಿಯಂಥ ಭಾಗ ಕೊನೆಗೆ ಬರೆಯುವುದು. ನಡುವೆ ನಿಂತರೆ ಒಳಗಿದ್ದದ್ದು ಓದಲು ಆಗುವುದಿಲ್ಲ. ಎಂಕೆವಿ ಆದರೆ ಕರೆಂಟು ಹೋಗುವವರೆಗಿನದು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ರೀಮಕ್ಸ್ ರೆಕಾರ್ಡಿಂಗ್ಸ್‌ನಿಂದ ಎಂಪಿ4 ಮಾಡಿಕೊಳ್ಳಬಹುದು. ಅದಕ್ಕೆ ಹೆಚ್ಚು ಹೊತ್ತೂ ಬೇಡ, ಚಿತ್ರದ ಗುಣವೂ ಇಳಿಯುವುದಿಲ್ಲ.

ಆದರೆ ಒಬಿಎಸ್‌ನಲ್ಲಿ ಕತ್ತರಿಸಲು ಬರುವುದಿಲ್ಲ, ಎಡಿಟರ್ ಬೇರೆಯೇ ಬೇಕು. ಮೊದಲು ಒಂದು ಉಚಿತ ಎಡಿಟರ್ ಹಾಕಿದೆ, ಹೆಸರು ಬೇಡ. ಎರಡು ಗಂಟೆ ಕೂತು ಎಲ್ಲ ಮುಗಿಸಿ ಎಕ್ಸ್‌ಪೋರ್ಟ್ ಕೊಟ್ಟರೆ ವೃತ್ತದ ಮೇಲೇ ಅವರ ಮುದ್ರೆ, ತೆಗೆಯಬೇಕಾದರೆ ದುಡ್ಡು. ಈಗ ಯಾವ ಎಡಿಟರ್ ಹಾಕಿದರೂ ಮೊದಲು ಹತ್ತು ಸೆಕೆಂಡಿನ ತುಂಡನ್ನು ಎಕ್ಸ್‌ಪೋರ್ಟ್ ಮಾಡಿ ನೋಡುತ್ತೇನೆ. ಡಾವಿಂಚಿ ರಿಸಾಲ್ವ್ ಬಗ್ಗೆ ತುಂಬ ಹೊಗಳಿಕೆ ಕೇಳಿದ್ದೇನೆ, ಆದರೆ ಅದಕ್ಕೆ 16 ಜಿಬಿ ರ‍್ಯಾಮ್ ಬೇಕಂತೆ, ಆ ಕಡೆ ಹೋಗಲಿಲ್ಲ.

ಉಳಿದದ್ದು ಶಾಟ್‌ಕಟ್ ಮತ್ತು ಕೆಡೆನ್‌ಲೈವ್. ಎರಡೂ ಉಚಿತ, ಮುದ್ರೆ ಇಲ್ಲ, ಒಳಗಿನ ಎಂಜಿನ್ ಕೂಡ ಒಂದೇ, ಎಂಎಲ್‌ಟಿ. ಹಾಗಾದರೆ ಯಾವುದಾದರೇನು ಅಂದುಕೊಂಡಿದ್ದೆ. ಕೈಗೆ ಮಾತ್ರ ಬೇರೆ ಬೇರೆ ಅನಿಸುತ್ತವೆ. ಶಾಟ್‌ಕಟ್‌ನಲ್ಲಿ ಎಸ್ ಒತ್ತಿದರೆ ತುಂಡಾಗುತ್ತದೆ, ಎಕ್ಸ್ ಒತ್ತಿದರೆ ಬೇಡದ ತುಂಡು ಹೋಗಿ ಜಾಗವೂ ಮುಚ್ಚುತ್ತದೆ. ನನ್ನ ಕೆಲಸದಲ್ಲಿ ಮುಕ್ಕಾಲು ಪಾಲು ಅಷ್ಟೇ, "ಅಂ... ಅಂದರೆ..." ಅಂದದ್ದನ್ನು ಕತ್ತರಿಸುವುದು. ಕೆಡೆನ್‌ಲೈವ್‌ನಲ್ಲಿ ಅದೇ ಎಕ್ಸ್ ಒತ್ತಿದರೆ ಕತ್ತರಿಸುವ ಬ್ಲೇಡು ಕೈಗೆ ಬರುತ್ತದೆ. ಎರಡನ್ನೂ ಒಂದೇ ವಾರ ಬಳಸಿ ತಲೆ ಕೆಟ್ಟಿತು.

ಕೆಡೆನ್‌ಲೈವ್‌ನ ದೊಡ್ಡ ಅನುಕೂಲ ಅಂದರೆ ಪ್ರಾಕ್ಸಿ. ದೊಡ್ಡ ವಿಡಿಯೋಗೆ ಸಣ್ಣ ನಕಲು ಮಾಡಿಕೊಂಡು ಎಡಿಟ್ ಮಾಡಲು ಬಿಡುತ್ತದೆ, ಎಕ್ಸ್‌ಪೋರ್ಟ್ ಆಗುವುದು ಮೂಲದಿಂದಲೇ. ಶಾಟ್‌ಕಟ್‌ನಲ್ಲೂ ಈಗ ಅದು ಇದೆ, ಆದರೆ ಗಂಟೆಗಟ್ಟಲೆಯ ರೆಕಾರ್ಡಿಂಗನ್ನು ಹತ್ತಾರು ತುಂಡು ಮಾಡಿ ಜೋಡಿಸಲು ನನಗೆ ಕೆಡೆನ್‌ಲೈವೇ ಹೆಚ್ಚು ಹಿಡಿಸಿತು. ಕನ್ನಡ ಅಕ್ಷರ ಎರಡರಲ್ಲೂ ನೋಡಿದೆ. ಯೂನಿಕೋಡ್ ಫಾಂಟ್ ಆರಿಸಿದರೆ "ಸ್ಪರ್ಶಕ", "ತ್ರಿಜ್ಯ" ಒತ್ತು ಕೆಡದೆ ಬಂದವು. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದನ್ನು ಹಾಗೇ ಅಂಟಿಸಬೇಡಿ, ಬರೀ ಗೀಚಿದಂತೆ ಕಾಣುತ್ತದೆ.

ಸದ್ಯ ಒಬಿಎಸ್ ಮತ್ತು ಶಾಟ್‌ಕಟ್ ನನ್ನ ಜೋಡಿ, ನನ್ನದು ಹೆಚ್ಚಾಗಿ ಕತ್ತರಿಸುವ ಕೆಲಸವೇ ಅಲ್ವಾ. ಎಕ್ಸ್‌ಪೋರ್ಟ್ 720ಪಿ ಕೊಡುತ್ತೇನೆ, ಮಕ್ಕಳು ಅಮ್ಮನ ಫೋನಿನ ಡೇಟಾದಲ್ಲಿ ನೋಡುವುದು. ಗೆರೆ ತೆಳ್ಳಗಾಗಿ ಕಾಣದೆ ಹೋಗುತ್ತದೆ ಅಂತ ಒಬ್ಬಳು ಹೇಳಿದ ಮೇಲೆ ಜಿಯೋಜಿಬ್ರಾದಲ್ಲೇ ಗೆರೆಯ ದಪ್ಪ ಜಾಸ್ತಿ ಮಾಡಿದೆ.