ಹ್ಯಾವ್‌ಲಾಕ್ ಮತ್ತು ನೀಲ್: ಎರಡು ದ್ವೀಪ, ಎರಡು ಬಿದಿರಿನ ಗುಡಿಸಲು

ಅಂಡಮಾನಿನ ಹ್ಯಾವ್‌ಲಾಕ್, ನೀಲ್ ಎರಡರಲ್ಲಿ ಯಾವುದಕ್ಕೆ ಹೋಗಬೇಕೆಂದು ಯಾರು ಕೇಳಿದರೂ ನನ್ನ ಉತ್ತರ ಒಂದೇ: ನೀಲ್ ದ್ವೀಪಕ್ಕೆ ಹೋಗಿ. 2018ರ ಡಿಸೆಂಬರ್‌ನಲ್ಲಿ ಅದಕ್ಕೆ ಶಹೀದ್ ದ್ವೀಪವೆಂದೂ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪವೆಂದೂ ಹೆಸರಿಟ್ಟಿದ್ದಾರೆ. ಬಾಯಿಗೆ ರೂಢಿಯಾಗಿರುವ ಹಳೆಯ ಹೆಸರನ್ನೇ ಇಲ್ಲಿ ಬಳಸುತ್ತೇನೆ.

ಸಂಕ್ರಾಂತಿ ಮುಗಿದ ಮೇಲೆ, ಮದುವೆಯ ಜವಳಿ ತೆಗೆಯುವವರು ಬರುವವರೆಗೆ, ಹುಬ್ಬಳ್ಳಿಯ ನಮ್ಮ ಬಟ್ಟೆ ಅಂಗಡಿಯಲ್ಲಿ ಹತ್ತು ದಿನ ಬಿಡುವು. ತಮ್ಮನಿಗೆ ಗಲ್ಲಾ ಒಪ್ಪಿಸಿ ನಾನು, ನನ್ನ ಹೆಂಡತಿ ಅಂಡಮಾನಿಗೆ ಹೊರಟೆವು. ಮೂರು ರಾತ್ರಿ ಹ್ಯಾವ್‌ಲಾಕ್, ಮೂರು ರಾತ್ರಿ ನೀಲ್. ಎರಡೂ ಕಡೆ ಬಿದಿರಿನ ಗುಡಿಸಲು, ಸೊಳ್ಳೆ ಪರದೆ, ತಣ್ಣೀರು. ಅದರಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ.

ಹ್ಯಾವ್‌ಲಾಕ್‌ನಲ್ಲಿ ವಿಜಯನಗರ ಕಡಲತೀರದ ಗುಡಿಸಲನ್ನು ರಾತ್ರಿಗೆ 2,800 ರೂಪಾಯಿಯಂತೆ ಮುಂಗಡ ಕೊಟ್ಟು ಹಿಡಿದಿದ್ದೆ. ಮೊಬೈಲಿನಲ್ಲಿ ಕಂಡ ಚಿತ್ರದಲ್ಲಿ ನೀರು ಮರದ ಬೇರನ್ನು ಮುಟ್ಟುತ್ತಿತ್ತು. ನಾವು ತಲುಪಿದ್ದು ಅವರಾತ್ರಿ ಅಮಾವಾಸ್ಯೆಯ ಮರುದಿನ, ಮಧ್ಯಾಹ್ನ ಮೂರೂವರೆಗೆ. ಚೀಲ ಒಳಗಿಟ್ಟು ಹೊರಗೆ ಬಂದರೆ ಸಮುದ್ರವೇ ಇಲ್ಲ. ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಕಲ್ಲು, ಸತ್ತ ಹವಳದ ಚೂರು, ಅವುಗಳ ನಡುವೆ ಪಾದ ಮುಳುಗುವಷ್ಟು ನೀರು. ಅದರಾಚೆ ಎಲ್ಲೋ ಒಂದು ನೀಲಿ ಗೆರೆ. ಆ ಗೆರೆಯ ಕಡೆ ಇಪ್ಪತ್ತು ಹೆಜ್ಜೆ ನಡೆಯುವಷ್ಟರಲ್ಲಿ ಹೆಂಡತಿಯ ಹಿಮ್ಮಡಿ ಕೊಯ್ದು ರಕ್ತ ಬಂತು. ಮೂರು ದಿನವೂ ಆಕೆ ಕುಂಟಿಕೊಂಡೇ ಓಡಾಡಿದಳು.

ಗುಡಿಸಲಿನವರನ್ನು ಕೇಳಿದರೆ, "ರಾತ್ರಿ ನೀರು ಬರುತ್ತದೆ" ಎಂದರು. ಬಂತು ನಿಜ, ಹತ್ತು ಗಂಟೆಗೆ, ಕಗ್ಗತ್ತಲಲ್ಲಿ. ಬೆಳಿಗ್ಗೆ ಐದಕ್ಕೆ ಎದ್ದು ಸೂರ್ಯ ಹುಟ್ಟುವಾಗ ಸ್ನಾನ ಮಾಡಬೇಕೆಂಬುದು ನನ್ನ ಆಸೆ. ಆಗ ಮತ್ತೆ ಕಲ್ಲು. ನೀರು ಏರಿ ದಡಕ್ಕೆ ಬರುವಷ್ಟರಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಭರತ ಇಳಿತ ದಿನಕ್ಕೆ ಎರಡೆರಡು ಸಲ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತವೆ. ಹೀಗಾಗಿ ಮೂರನೆಯ ಬೆಳಗು ಮೊದಲಿನದಕ್ಕಿಂತಲೂ ಬರಿದಾಗಿತ್ತು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಏರಿಕೆಯೂ ಹೆಚ್ಚು, ಇಳಿಕೆಯೂ ಹೆಚ್ಚು.

ನಾವು ಬಯಲುಸೀಮೆಯವರು. ಉಣಕಲ್ ಕೆರೆಯ ನೀರು ಬೆಳಿಗ್ಗೆ ಎಲ್ಲಿರುತ್ತದೋ ಸಂಜೆಯೂ ಅಲ್ಲೇ ಇರುತ್ತದೆ. ಗೋಕರ್ಣಕ್ಕೆ ಎಷ್ಟೋ ಸಲ ಹೋಗಿದ್ದೇನೆ, ಇಳಿತ ನನ್ನ ಗಮನಕ್ಕೇ ಬಂದಿರಲಿಲ್ಲ. ಅಲ್ಲಿ ಮರಳಿನ ಇಳಿಜಾರು, ನಾಲ್ಕು ಹೆಜ್ಜೆ ಮುಂದೆ ಹೋದರೆ ಅಲೆ ಸಿಗುತ್ತದೆ. ಇಲ್ಲಿ ದಡದಿಂದಾಚೆ ಹವಳದ ಹಾಸು ಚಪ್ಪಟೆಯಾಗಿದೆ. ನೀರು ಎರಡು ಮೊಳ ಇಳಿದರೂ ಹೊಲದಷ್ಟು ಅಗಲ ಬಯಲಾಗುತ್ತದೆ. ಬಾಡಿಗೆ ಕೊಡುವವರು ಚಿತ್ರದ ಜೊತೆ ಇದೊಂದು ಮಾತು ಬರೆದಿದ್ದರೆ ನಾನು ದಿನಾಂಕವನ್ನೇ ಬದಲಿಸುತ್ತಿದ್ದೆ. ಅವರು ಬರೆಯದಿದ್ದದ್ದು ನನಗೆ ಇಂದಿಗೂ ನೋವು.

ರಾಧಾನಗರದ ತೀರ ಮಾತ್ರ ಹೊಗಳಿದಷ್ಟೂ ಸಾಲದು. ಹಿಟ್ಟಿನಂಥ ಮರಳು, ಹಿಂದೆ ದೊಡ್ಡ ದೊಡ್ಡ ಮರಗಳ ಕಾಡು. ಆದರೆ ಅದು ದ್ವೀಪದ ಇನ್ನೊಂದು ಮಗ್ಗುಲಿನಲ್ಲಿದೆ, ಜೆಟ್ಟಿಯಿಂದ ಸುಮಾರು 12 ಕಿ.ಮೀ. ಗುಡಿಸಲ ಮುಂದೆಯೇ ಕಡಲು ಬೇಕೆಂದು ದುಡ್ಡು ಕೊಟ್ಟು, ಸ್ನಾನಕ್ಕೆ ಬಸ್ಸು ಹತ್ತಬೇಕಾಯಿತು.

ನೀಲ್‌ನಲ್ಲೂ ಇಳಿತವಾದಾಗ ಕಲ್ಲು ಎದ್ದು ಕಾಣುತ್ತವೆ, ಸುಳ್ಳು ಹೇಳುವುದಿಲ್ಲ. ಆದರೆ ಅಲ್ಲಿ ಇಳಿತಕ್ಕೂ ಒಂದು ಕೆಲಸವಿದೆ. ಲಕ್ಷ್ಮಣಪುರದ ಹತ್ತಿರ ಹವಳದ ಕಲ್ಲು ಕೊರೆದು ಆದ ಸಹಜ ಸೇತುವೆಗೆ ನೀರು ಇಳಿದಾಗ ಮಾತ್ರ ದಾರಿ. ಬೆಳಿಗ್ಗೆ ಏಳಕ್ಕೆ, ಈ ಸಲ ಗಟ್ಟಿ ಚಪ್ಪಲಿ ಹಾಕಿಕೊಂಡು ಹೋದೆವು. ಒಂದು ಕಲ್ಲುಗುಂಡಿಯಲ್ಲಿ ಅಂಗೈಯಷ್ಟು ನೀರು. ಅದರೊಳಗೆ ಬೆರಳುದ್ದದ ನೀಲಿ ಮೀನು ನಮ್ಮ ನೆರಳು ಬಿದ್ದೊಡನೆ ಕಲ್ಲಿನ ಸಂದಿಗೆ ಸೇರುತ್ತಿತ್ತು, ನೆರಳು ಸರಿದೊಡನೆ ಮೂತಿ ಹೊರಗೆ ಹಾಕುತ್ತಿತ್ತು. ಹೆಂಡತಿ ಅದರ ಮುಂದೆ ಕುಕ್ಕರುಗಾಲಲ್ಲಿ ಅರ್ಧ ತಾಸು ಕುಳಿತಳು. ಮಧ್ಯಾಹ್ನ ನೀರು ತುಂಬಿದಾಗ ಜೆಟ್ಟಿಯ ಪಕ್ಕದ ಭರತಪುರದಲ್ಲಿ ಸ್ನಾನ. ದ್ವೀಪ ಎಷ್ಟು ಚಿಕ್ಕದೆಂದರೆ ಬಾಡಿಗೆ ಸೈಕಲ್ ಇದ್ದರೆ ಸಾಕು, ಈ ತುದಿಯ ಸೀತಾಪುರದಲ್ಲಿ ಸೂರ್ಯೋದಯ, ಆ ತುದಿಯ ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ. ಸಂಜೆ ಐದೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ, ಹುಬ್ಬಳ್ಳಿಗಿಂತ ಒಂದು ತಾಸಿಗೂ ಮೊದಲೇ. ದಿನವನ್ನು ಆ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಊಟದಲ್ಲೂ ನೀಲ್ ಮೇಲು. ಬಂಗಾಳದ ಕಡೆಯಿಂದ ಬಂದು ನೆಲೆಸಿದ ರೈತರ ಊರು ಅದು. ಬದನೆ, ಹೀರೆ, ಸೊಪ್ಪು ಹೊಲದಿಂದ ನೇರ ಒಲೆಗೆ. ನಾವು ಒಯ್ದ ಕಟಕ ರೊಟ್ಟಿ ಕಡಲ ಗಾಳಿಗೆ ಮೂರನೆಯ ದಿನ ಚರ್ಮದಂತೆ ಮೆತ್ತಗಾಗಿತ್ತು. ಗುಡಿಸಲಿನ ದೀದಿ ಅದನ್ನು ಕೆಂಡದ ಮೇಲೆ ಹಿಡಿದು ಮತ್ತೆ ಗರಿಗರಿ ಮಾಡಿಕೊಟ್ಟರು, ಗುರೆಳ್ಳು ಚಟ್ನಿ ಪುಡಿಯನ್ನು ಕೇಳಿ ಹಾಕಿಸಿಕೊಂಡರು.

ಮೊಬೈಲ್ ಸಿಗ್ನಲ್ ಎರಡೂ ಕಡೆ ನೆಚ್ಚುವಂಥದ್ದಲ್ಲ. ಮರಳು ನೊಣ ಎರಡೂ ಕಡೆ ಕಚ್ಚುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ.

ನೀರಿನಾಳಕ್ಕೆ ಇಳಿದು ಡೈವಿಂಗ್ ಕಲಿಯುವವರು, ಸಂಜೆ ಜನಸಂದಣಿ ಬಯಸುವವರು ಹ್ಯಾವ್‌ಲಾಕ್‌ಗೆ ಹೋಗಲಿ. ನಮ್ಮಂತೆ ಒಂಬತ್ತಕ್ಕೆ ಮಲಗಿ ಐದಕ್ಕೆ ಏಳುವವರಿಗೆ ನೀಲ್‌ನ 1,300 ರೂಪಾಯಿಯ ಗುಡಿಸಲು ಸಾಕು. ಉಳಿದ ದುಡ್ಡಿನಲ್ಲಿ ಇನ್ನೂ ಮೂರು ರಾತ್ರಿ ಇರಬಹುದು. ಬರುವ ಜನವರಿಗೆ ಆರೂ ರಾತ್ರಿ ಅಲ್ಲೇ ಎಂದು ಗೊತ್ತುಮಾಡಿದ್ದೇವೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಹೊಸ ಪಂಚಾಂಗ ತಂದ ದಿನವೇ ಹೆಂಡತಿ ಆ ಪುಟದ ಮೂಲೆ ಮಡಚಿ ಇಟ್ಟಿದ್ದಾಳೆ.